ಸಣ್ಣ ಉದ್ಯಮದ ಕಾಣದ ಬಂಡವಾಳ

ಪುಣೆಯ ಕೈಗಾರಿಕಾ ಚರಿತ್ರೆಯಲ್ಲಿ ಕನ್ನಡ ನೆಲದ ಪಾಲು ಅಲ್ಪವಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಮೊದಲ್ಗೊಂಡು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಸಂಸ್ಥೆ 1920ರಲ್ಲಿ ತನ್ನದೇ ಪತ್ರಿಕೆಯನ್ನೂ ಆರಂಭಿಸಿತು. ತಿಳಿದದ್ದನ್ನು ಬರೆದು ಹಂಚುವುದೂ ಉದ್ಯಮದ ಭಾಗವೆಂಬ ವಿವೇಕ ಅಲ್ಲಿತ್ತು.

ಇಂದು ಭೋಸರಿ, ಚಾಕಣಗಳಲ್ಲಿ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳು ಅನೇಕ. ಸಾಲದ ಅರ್ಜಿಯೊಡನೆ ಅವು ಸಲ್ಲಿಸುವ ಅಢಾವೆ ಪತ್ರಿಕೆಯಲ್ಲಿ ಯಂತ್ರದ ಬೆಲೆ, ದಾಸ್ತಾನಿನ ಮೌಲ್ಯ, ಬರಬೇಕಾದ ಬಾಕಿ ಎಲ್ಲವೂ ಇರುತ್ತವೆ. ಯಾವ ಉಕ್ಕಿಗೆ ಲೇತಿನ ವೇಗವೆಷ್ಟು, ಗ್ರಾಹಕರ ನಕ್ಷೆಯಲ್ಲಿ ಯಾವ ಅಳತೆ ಬದಲಾಗಿದೆ, ಕಳೆದ ವರ್ಷ ಮಾಲು ಏಕೆ ಮರಳಿತು ಎಂಬುದು ಮಾತ್ರ ಯಾವ ಅಂಕಣದಲ್ಲಿಯೂ ಇಲ್ಲ. ಅದು ಇಪ್ಪತ್ತು ವರ್ಷ ದುಡಿದ ಫೋರ್‌ಮನ್ನರ ತಲೆಯಲ್ಲಿದೆ. ಅವರು ನಿವೃತ್ತರಾದ ದಿನ, ಇಲ್ಲವೆ ಪಕ್ಕದ ಕಾರ್ಖಾನೆಯವರು ಹೆಚ್ಚು ಸಂಬಳಕ್ಕೆ ಕರೆದ ದಿನ, ಆ ಬಂಡವಾಳವೂ ಬಾಗಿಲು ದಾಟುತ್ತದೆ. ಯಂತ್ರಕ್ಕೆ ವಿಮೆಯುಂಟು, ಇದಕ್ಕಿಲ್ಲ.

ಮನುಷ್ಯನು ಹೇಳಬಲ್ಲುದಕ್ಕಿಂತ ಹೆಚ್ಚನ್ನು ಅರಿತಿರುತ್ತಾನೆಂಬ ವಿಚಾರವನ್ನು ಮೈಕಲ್ ಪೋಲಾನಿ 1966ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಗುಣಮಟ್ಟದ ಐಎಸ್‌ಒ 9001 ಮಾನದಂಡವು ತನ್ನ 2015ರ ಆವೃತ್ತಿಯಲ್ಲಿ ಸಂಸ್ಥೆಯ ಜ್ಞಾನವನ್ನು ಗುರುತಿಸಿ ಕಾಪಾಡಬೇಕೆಂದು ವಿಧಿಸಿತು. ಇದಕ್ಕೇ ಜ್ಞಾನ ನಿರ್ವಹಣೆ ಎಂದು ಹೆಸರು.

ಹೆಸರು ದೊಡ್ಡದಾದರೂ ಕ್ರಮ ಸರಳ. ಬ್ಯಾಂಕಿನ ಅಧಿಕಾರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತದೆ, ಆದರೂ ಶಾಖೆ ನಿಲ್ಲುವುದಿಲ್ಲ. ಅಧಿಕಾರ ಹಸ್ತಾಂತರದ ಟಿಪ್ಪಣಿ, ಸುತ್ತೋಲೆಗಳ ಕಡತ, ಬೀಗದ ಕೈಗಳ ನೋಂದಣಿ ಪುಸ್ತಕ, ಇವು ವ್ಯಕ್ತಿಯ ನೆನಪನ್ನು ಸಂಸ್ಥೆಯ ನೆನಪಾಗಿಸುತ್ತವೆ. ಹತ್ತು ಜನರ ಘಟಕಕ್ಕೂ ಇಷ್ಟು ಸಾಕು: ಪ್ರತಿಯೊಂದು ಬಿಡಿಭಾಗಕ್ಕೂ ನಕ್ಷೆಯ ಸಂಖ್ಯೆ, ವೇಗ, ಉಪಕರಣ, ತಪಾಸಣೆಯ ಕ್ರಮ ಬರೆದ ಒಂದು ಚೀಟಿ, ತಿರಸ್ಕೃತ ಮಾಲಿನ ಕಾರಣಗಳ ಪುಸ್ತಕ, ತೆರಿಗೆ, ಭವಿಷ್ಯನಿಧಿ, ವಿಮೆ ನವೀಕರಣಗಳ ದಿನಾಂಕಪಟ್ಟಿ. ಬರಹಕ್ಕೆ ಸಿಗದ ಕೈಚಳಕವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಎರಡು ಕಡೆ ಪ್ರತಿ ಇಡಬಹುದು. ಕೆಲಸಗಾರರು ಓದಬಲ್ಲ ಭಾಷೆಯಲ್ಲೇ ಬರೆಯುವುದು ಉಚಿತ: ಮರಾಠಿಯಾಗಲಿ, ಹಿಂದಿಯಾಗಲಿ, ಕನ್ನಡವಾಗಲಿ.

ಒಂದು ತೊಡಕುಂಟು. ತನಗೆ ಗೊತ್ತಿರುವುದೆಲ್ಲವನ್ನೂ ಬರೆದುಕೊಟ್ಟರೆ ತನ್ನ ಬೆಲೆ ಇಳಿದೀತೆಂದು ಕುಶಲಕರ್ಮಿ ಅಂಜುವುದು ಸಹಜ. ಹೊಸಬರಿಗೆ ಕಲಿಸುವ ಹಿರಿಯರಿಗೆ ಗೌರವವನ್ನೂ ವೇತನದಲ್ಲಿ ಏರಿಕೆಯನ್ನೂ ನೀಡದ ಮಾಲೀಕರಿಗೆ ಯಾವ ಪುಸ್ತಕವೂ ತುಂಬುವುದಿಲ್ಲ.

ಈ ಸಂಚಿಕೆಯಲ್ಲಿ ವೈದ್ಯರು ಆರೋಗ್ಯ ತಪಾಸಣೆಯ ಮಹತ್ವವನ್ನು ತಿಳಿಸುತ್ತಾರೆ. ಉದ್ಯಮಿ ಬಂಧುಗಳು ಅದರೊಡನೆ ಇನ್ನೊಂದು ತಪಾಸಣೆಯನ್ನೂ ಮಾಡಿಕೊಳ್ಳಬೇಕು: ನಾಳೆ ತಾವು ಹದಿನೈದು ದಿನ ಆಸ್ಪತ್ರೆಯಲ್ಲಿರಬೇಕಾದರೆ, ಬೆಲೆ ನಿಗದಿ ಮಾಡುವವರಾರು, ಸಂಬಳ ಕೊಡುವವರಾರು, ಬ್ಯಾಂಕಿಗೆ ದಾಸ್ತಾನು ವಿವರ ಕಳಿಸುವವರಾರು? ಉತ್ತರ ತಮ್ಮ ತಲೆಯಲ್ಲಿ ಮಾತ್ರ ಇದ್ದರೆ, ಇಂದು ಸಂಜೆಯೇ ಒಂದು ವಹಿಯನ್ನು ತೆರೆಯುವುದು ಒಳಿತು.