ತವರಿಗೆ ಹೊರಡುವ ಮುನ್ನ ಗರ್ಭಿಣಿಯ ಚುಚ್ಚುಮದ್ದು

ಚೊಚ್ಚಲ ಹೆರಿಗೆಗೆ ಹೆಣ್ಣುಮಗಳನ್ನು ತವರಿಗೆ ಕಳುಹಿಸುವ ಪದ್ಧತಿಯನ್ನು ನಾವು ಊರು ಬಿಟ್ಟು ಬಂದ ಮೇಲೂ ಬಿಟ್ಟಿಲ್ಲ. ಐರೋಲಿಯ ಖೋಲಿಗಳಲ್ಲಿ ಸಂಸಾರ ಹೂಡಿರುವ ಹೋಟೆಲ್ ಕಾರ್ಮಿಕರಾಗಲಿ, ಠಾಣೆ–ಬೇಲಾಪುರ ರಸ್ತೆಯ ಕಚೇರಿಗಳಲ್ಲಿ ದುಡಿಯುವ ಗುಮಾಸ್ತರಾಗಲಿ, ಏಳನೆಯ ತಿಂಗಳಲ್ಲಿ ಸೀಮಂತ ಮುಗಿದೊಡನೆ ಮಡದಿಯನ್ನು ಠಾಣೆ ನಿಲ್ದಾಣದಲ್ಲಿ ಮತ್ಸ್ಯಗಂಧ ಗಾಡಿಗೆ ಹತ್ತಿಸಿ, ಕುಂದಾಪುರಕ್ಕೋ ಉಡುಪಿಗೋ ಕಳುಹಿಸಿಕೊಡುತ್ತಾರೆ. ತಾಯಿಯ ಆರೈಕೆ, ಊರಿನ ಗಾಳಿ, ಬಾಣಂತನದ ಎಣ್ಣೆನೀರು ಇವು ಈ ಹತ್ತಡಿಯ ಕೋಣೆಯಲ್ಲಿ ದೊರೆಯವು ಎಂಬುದು ನಿಜ. ಆದರೆ ಐದಾರು ತಿಂಗಳು ಇಲ್ಲಿಯ ವೈದ್ಯರು ನೋಡಿದ ಗರ್ಭಿಣಿಯನ್ನು ಉಳಿದ ಮೂರು ತಿಂಗಳು ಅಲ್ಲಿಯ ವೈದ್ಯರು ನೋಡುವರಷ್ಟೆ. ಹೀಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಚುಚ್ಚುಮದ್ದಿನ ಲೆಕ್ಕ ಜಾರಿಹೋಗುವ ಸಂಭವ ಹೆಚ್ಚು. ಅದರ ಕುರಿತೇ ಇಂದು ನಾಲ್ಕು ಮಾತು ಬರೆಯಲು ಹೊರಟಿದ್ದೇವೆ.

ನಮ್ಮವರನ್ನು ಕಾಡುವ ಸಂದೇಹ ಸಾಮಾನ್ಯವಾಗಿ ಇಷ್ಟು. ನವಿ ಮುಂಬಯಿ ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋದರೆ ಒಂದೇ ಬಗೆಯ ಚುಚ್ಚುಮದ್ದನ್ನು ಧರ್ಮಾರ್ಥವಾಗಿ ಹಾಕಿ ಕಳುಹಿಸುತ್ತಾರೆ. ಖಾಸಗಿ ದವಾಖಾನೆಗೆ ಹೋದರೆ ಅದರ ಜೊತೆಗೆ ಇನ್ನೂ ಎರಡನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅವುಗಳಲ್ಲಿ ಒಂದರ ಬೆಲೆಯೇ ಸಾವಿರ ರೂಪಾಯಿಗೆ ಮೇಲ್ಪಟ್ಟಿರುತ್ತದೆ. ಅಗತ್ಯವಾಗಿದ್ದರೆ ಸರಕಾರವೇ ಏಕೆ ಕೊಡಲೊಲ್ಲದು? ಅಗತ್ಯವಿಲ್ಲವಾದರೆ ವೈದ್ಯರು ಏಕೆ ಬರೆಯಬೇಕು? ತಿಂಗಳ ಪಗಾರದಲ್ಲಿ ಊರಿಗೆ ಹಣ ಕಳುಹಿಸಿ, ಖೋಲಿಯ ಬಾಡಿಗೆ ತೆತ್ತು, ಹೆರಿಗೆಗೆಂದು ಪುಡಿಗಾಸು ಕೂಡಿಡುವವನು ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಉತ್ತರ ತಿಳಿಯದೆ ಸುಮ್ಮನೆ ಚೀಟಿಯನ್ನು ಮಡಿಚಿ ಜೇಬಿಗೆ ಸೇರಿಸಿಬಿಡುವುದೇ ತಪ್ಪು.

ಮೊದಲು ಎಲ್ಲರಿಗೂ ಬೇಕಾದುದನ್ನು ಹೇಳೋಣ. ಅದು ಧನುರ್ವಾಯುವಿನ ಚುಚ್ಚುಮದ್ದು. ನಮ್ಮ ತಾಯಂದಿರು ‘ಟಿಟಿ’ ಎಂದು ಬಲ್ಲ ಈ ಮದ್ದಿಗೆ ಬದಲಾಗಿ ಈಗ ‘ಟಿಡಿ’ ಎಂಬುದನ್ನು ಕೊಡುತ್ತಾರೆ. ಅದರಲ್ಲಿ ಧನುರ್ವಾಯುವಿನೊಡನೆ ಗಂಟಲಮಾರಿಯ ತಡೆಯೂ ಕೂಡಿದೆ. ಗರ್ಭ ನಿಂತುದು ತಿಳಿದೊಡನೆ ಒಂದು, ಅದಾದ ನಾಲ್ಕು ವಾರಗಳ ಮೇಲೆ ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡನ್ನೂ ಹಾಕಿಸಿಕೊಂಡು ಮೂರು ವರ್ಷ ತುಂಬುವುದರೊಳಗೆ ಮತ್ತೆ ಗರ್ಭ ನಿಂತಿದ್ದರೆ ಒಂದೇ ಸಾಕು. ಐರೋಲಿಯಲ್ಲೇ ಇರುವ ಪಾಲಿಕೆಯ ರಾಜಮಾತಾ ಜಿಜಾವು ಆಸ್ಪತ್ರೆಯಂಥ ಸರಕಾರಿ ಸಂಸ್ಥೆಗಳಲ್ಲಾಗಲಿ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಇದಕ್ಕೆ ಬಿಡಿಕಾಸು ಕೊಡಬೇಕಾಗಿಲ್ಲ.

ಈ ಚುಚ್ಚುಮದ್ದಿನ ಬೆಲೆಯನ್ನು ನಾವು ಮರೆತಿರುವುದಕ್ಕೆ ಅದು ಗೆದ್ದುದೇ ಕಾರಣ. ಹೊಕ್ಕುಳ ಬಳ್ಳಿಯನ್ನು ಕೊಳೆಯಾದ ಕತ್ತಿಯಿಂದಲೋ ತುಕ್ಕುಹಿಡಿದ ಬ್ಲೇಡಿನಿಂದಲೋ ಕತ್ತರಿಸಿ, ಗಾಯಕ್ಕೆ ಬೂದಿ ಸೆಗಣಿ ಮೆತ್ತುತ್ತಿದ್ದ ಕಾಲದಲ್ಲಿ, ಹುಟ್ಟಿದಾಗ ಸೊಗಸಾಗಿ ಹಾಲು ಕುಡಿದ ಕೂಸು ಕೆಲವೇ ದಿನಗಳಲ್ಲಿ ಬಾಯಿ ಬಿಗಿದು, ಮೊಲೆ ಹಿಡಿಯಲಾರದೆ, ಬಿಲ್ಲಿನಂತೆ ಬಾಗಿ ಸಾಯುತ್ತಿತ್ತು. ಗ್ರಹಚಾರವೆಂದೋ ಬಾಲಗ್ರಹವೆಂದೋ ಹೇಳಿ ಮನೆಯವರು ಸಮಾಧಾನ ತಂದುಕೊಳ್ಳುತ್ತಿದ್ದರು. 1988ರಲ್ಲಿ ಜಗತ್ತಿನಲ್ಲಿ ಹೀಗೆ ಮಡಿದ ನವಜಾತ ಶಿಶುಗಳು 7,87,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ತಾಯಿಗೆ ಹಾಕಿದ ಚುಚ್ಚುಮದ್ದಿನಿಂದ ಅವಳ ರಕ್ತದಲ್ಲಿ ಹುಟ್ಟಿದ ರೋಗನಿರೋಧಕ ವಸ್ತು ಮಾಸು ದಾಟಿ ಮಗುವನ್ನು ಸೇರುವುದು. ಈ ಉಪಾಯದಿಂದಲೂ ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದುದರಿಂದಲೂ, ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು 2015ರಲ್ಲಿ ಮಾನ್ಯವಾಯಿತು. ಆದರೆ ಈ ರೋಗದ ಬೀಜ ಮಣ್ಣಿನಲ್ಲಿದೆ. ಮಣ್ಣು ಎಲ್ಲಿಗೂ ಹೋಗಿಲ್ಲ. ಅದಕ್ಕಾಗಿಯೇ ಈ ಮದ್ದನ್ನು ನಿಲ್ಲಿಸುವಂತಿಲ್ಲ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಎನ್ನುವ ಹಿರಿಯರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಗೆ ತರಬಹುದು. ಭಾರತದಲ್ಲಿ ಸಿಡುಬಿನ ತಡೆಗೆ ಜೆನ್ನರನ ಪದ್ಧತಿಯ ದೇವಿ ಹಾಕಿಸಿಕೊಂಡ ಮೊದಲಿನ ಜೀವ, 1802ರ ಜೂನ್ ತಿಂಗಳಲ್ಲಿ, ಇದೇ ಮುಂಬಯಿಯ ಮೂರು ವರ್ಷದ ಒಂದು ಹೆಣ್ಣು ಮಗು. ಮೂರೇ ವರ್ಷಗಳಲ್ಲಿ ಆ ಮದ್ದು ನಮ್ಮ ಮೈಸೂರಿನ ಅರಮನೆಯನ್ನು ತಲುಪಿತ್ತು. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಅರಮನೆಯ ಮೂವರು ಸ್ತ್ರೀಯರನ್ನು ಬರೆದ ಚಿತ್ರವೊಂದುಂಟು. ಅದರಲ್ಲಿ ಬಲಗಡೆ ನಿಂತಾಕೆ ಸೀರೆಯ ಸೆರಗನ್ನು ಓಸರಿಸಿ ತೋಳು ತೋರಿಸುವುದು ದೇವಿ ಹಾಕಿಸಿಕೊಂಡ ಗುರುತಿಗಾಗಿ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಚಿತ್ರದ ಅರ್ಥ ಅದೇ ಆಗಿದ್ದರೆ, ಅರಮನೆಯ ಹೆಣ್ಣುಮಕ್ಕಳು ಪ್ರಜೆಗಳಿಗೆ ಧೈರ್ಯ ತುಂಬಲೆಂದು ತೋಳು ತೋರಿಸಿ ಇನ್ನೂರು ವರ್ಷಗಳ ಮೇಲಾಯಿತು. ಚುಚ್ಚುಮದ್ದು ಕನ್ನಡಿಗರಿಗೆ ನಿನ್ನೆ ಮೊನ್ನೆ ಬಂದುದೆಂದು ಯಾರೂ ಹೇಳುವಂತಿಲ್ಲ.

ಇನ್ನು ಬೆಲೆಯುಳ್ಳ ಆ ಎರಡು ಮದ್ದುಗಳ ವಿಚಾರ. ಅವುಗಳಲ್ಲಿ ಮುಖ್ಯವಾದುದು ‘ಟಿಡ್ಯಾಪ್’. ಧನುರ್ವಾಯು, ಗಂಟಲಮಾರಿಗಳೊಡನೆ ನಾಯಿಕೆಮ್ಮಿನ ತಡೆಯನ್ನೂ ಇದರಲ್ಲಿ ಸೇರಿಸಿರುತ್ತಾರೆ. ದೊಡ್ಡವರಿಗೆ ನಾಯಿಕೆಮ್ಮು ಬಂದರೆ ವಾರಗಟ್ಟಲೆ ಬಿಡದ ಕೆಮ್ಮು ಎಂಬುದರ ಹೊರತು ಹೆಚ್ಚೇನೂ ತೋರದಿರಬಹುದು. ಮಳೆಗಾಲದ ಕೆಮ್ಮೆಂದು ಕಷಾಯ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಅದೇ ಕೆಮ್ಮು ತಿಂಗಳ ಕೂಸಿಗೆ ತಗಲಿದರೆ ಸಂಗತಿ ಬೇರೆ. ಎಳೆಗೂಸು ಹೆಸರಿಗೆ ತಕ್ಕಂತೆ ಕೆಮ್ಮುವುದೂ ಇಲ್ಲ. ಉಸಿರು ಕಟ್ಟಿ ನೀಲಿಗಟ್ಟುತ್ತದೆ. ಮಗುವಿಗೆ ಇದರ ಮೊದಲ ಚುಚ್ಚುಮದ್ದು ಸರಕಾರದ ಕ್ರಮದಂತೆ ಆರನೆಯ ವಾರದಲ್ಲಿ. ಮುಂದಿನವು ಹತ್ತನೆಯ ಮತ್ತು ಹದಿನಾಲ್ಕನೆಯ ವಾರಗಳಲ್ಲಿ. ಅಷ್ಟರೊಳಗಿನ ದಿನಗಳಲ್ಲಿ, ಅಂದರೆ ಅತ್ಯಂತ ಅಪಾಯದ ದಿನಗಳಲ್ಲಿ, ಮಗುವಿಗೆ ತಾಯಿ ಕೊಟ್ಟು ಕಳುಹಿಸಿದ ಬುತ್ತಿಯೇ ಆಧಾರ. 2012ರಲ್ಲಿ ಇಂಗ್ಲೆಂಡಿನಲ್ಲಿ ನಾಯಿಕೆಮ್ಮು ಹಬ್ಬಿ 14 ಹಸುಗೂಸುಗಳು ತೀರಿಕೊಂಡವು. ಅದೇ ವರ್ಷದ ಅಕ್ಟೋಬರದಿಂದ ಅಲ್ಲಿಯ ಸರಕಾರ ಗರ್ಭಿಣಿಯರಿಗೆ ಈ ಮದ್ದು ಕೊಡತೊಡಗಿತು. ಹಾಕಿಸಿಕೊಂಡ ತಾಯಂದಿರ ಎಳೆಮಕ್ಕಳಲ್ಲಿ ರೋಗ ನೂರಕ್ಕೆ ತೊಂಬತ್ತರಷ್ಟು ತಗ್ಗಿದುದು ಬಳಿಕ ಕಂಡುಬಂತು.

ಇದನ್ನು ಹಾಕಿಸಿಕೊಳ್ಳುವ ಕಾಲ 27ನೆಯ ವಾರದಿಂದ 36ನೆಯ ವಾರದವರೆಗೆ ಎಂದು ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟ ಹೇಳುತ್ತದೆ. ಓದುಗರು ಇಲ್ಲಿ ಬೆರಳು ಮಡಿಚಿ ಎಣಿಸಬೇಕು. 27ನೆಯ ವಾರವೆಂದರೆ ಏಳನೆಯ ತಿಂಗಳು ಹಿಡಿಯುವ ಹೊತ್ತು, ಸೀಮಂತದ ಹೊತ್ತು, ಗಾಡಿ ಹತ್ತುವ ಹೊತ್ತು. ಐರೋಲಿಯ ವೈದ್ಯರು ‘ಮುಂದಿನ ಸಲ ಹಾಕೋಣ’ ಎಂದಿರುತ್ತಾರೆ, ಮುಂದಿನ ಸಲ ಆಕೆ ಊರಿನಲ್ಲಿರುತ್ತಾಳೆ. ಊರಿನ ವೈದ್ಯರು ಕೇಳಿದರೆ ‘ಮುಂಬಯಿಯಲ್ಲಿ ಎಲ್ಲ ಚುಚ್ಚಿಸಿ ಆಗಿದೆ’ ಎಂದು ತಾಯಿಯೋ ಅತ್ತೆಯೋ ಉತ್ತರ ಕೊಡುತ್ತಾರೆ. ಚುಚ್ಚಿಸಿದುದು ಟಿಡಿಯೋ ಟಿಡ್ಯಾಪೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಎರಡರ ಹೆಸರೂ ಕಿವಿಗೆ ಒಂದೇ ತೆರನಾಗಿ ಕೇಳುವುದು ಬೇರೆ! ಆದುದರಿಂದ ಐದನೆಯ ತಿಂಗಳಲ್ಲೇ ವೈದ್ಯರಿಗೆ ‘ಇಂಥ ದಿನ ಊರಿಗೆ ಹೊರಡುತ್ತೇವೆ’ ಎಂದು ತಿಳಿಸಬೇಕು. ಹೊರಡುವ ಮೊದಲೇ 27 ವಾರ ತುಂಬುವುದಾದರೆ ಇಲ್ಲಿಯೇ ಹಾಕಿಸುವುದು ಲೇಸು. ಇಲ್ಲವಾದರೆ ಊರಿನಲ್ಲಿ ಯಾವ ವಾರ ಹಾಕಿಸಬೇಕೆಂಬುದನ್ನು ಬರೆಯಿಸಿಕೊಳ್ಳತಕ್ಕದ್ದು. ಎರಡನೆಯ ಟಿಡಿಯ ಬದಲಿಗೆ ಟಿಡ್ಯಾಪ್ ಕೊಡುವ ಕ್ರಮವೂ ಉಂಟು. ಹಾಗೆ ಮಾಡಬಹುದೇ ಎಂದು ಕೇಳಿದರೆ ಒಂದು ಚುಚ್ಚು ಉಳಿಯುತ್ತದೆ. ಸರಕಾರ ಇದನ್ನು ಧರ್ಮಾರ್ಥ ಪಟ್ಟಿಯಲ್ಲಿ ಸೇರಿಸಿಲ್ಲ ಎಂಬುದರಿಂದ ಇದು ಬೇಡದ ವಸ್ತುವೆಂದು ತಿಳಿಯಬಾರದು. ಕೋಟಿಗಟ್ಟಲೆ ಗರ್ಭಿಣಿಯರ ದೇಶದಲ್ಲಿ ಪಟ್ಟಿಗೆ ಒಂದು ಹೆಸರು ಸೇರಬೇಕಾದರೆ ಹಣದ ಲೆಕ್ಕವೂ ಅಡ್ಡ ಬರುತ್ತದೆ. ಸೀಮಂತದ ಊಟಕ್ಕೆ ಹತ್ತು ಎಲೆ ಕಡಮೆ ಹಾಕಿದರೆ ಈ ಮದ್ದಿನ ಹಣ ಹೊಂದುತ್ತದೆ ಎಂದು ನಾವು ಹೇಳಿದರೆ ಹಿರಿಯರು ಸಿಟ್ಟಾಗಬಾರದು.

ಎರಡನೆಯದು ಇನ್‌ಫ್ಲುಯೆಂಜಾ ಜ್ವರದ್ದು. ಮುಂಬಯಿ ಸೀಮೆಯಲ್ಲಿ ಈ ಜ್ವರ ಮಳೆಗಾಲದಲ್ಲಿ ಹೆಚ್ಚು. ಗರ್ಭಿಣಿಗೆ ತಗಲಿದರೆ ಪುಪ್ಪುಸಕ್ಕಿಳಿಯುವ ಭಯ ಇತರರಿಗಿಂತ ಅಧಿಕ. 2009ರ ಹಂದಿಜ್ವರದ ಹಾವಳಿಯಲ್ಲಿ ಜಗತ್ತೇ ಇದನ್ನು ಕಂಡಿತು. ದಿನವಿಡೀ ನೂರಾರು ಗಿರಾಕಿಗಳ ನಡುವೆ ಓಡಾಡಿ, ರಾತ್ರಿ ಅದೇ ಕೋಣೆಗೆ ಮರಳುವ ಹೋಟೆಲ್ ಕಾರ್ಮಿಕನ ಮನೆಯಲ್ಲಿ ಇದರ ಪ್ರಯೋಜನ ಇತರ ಮನೆಗಳಿಗಿಂತ ಹೆಚ್ಚೇ ಎನ್ನಬೇಕು. ಆರು ತಿಂಗಳೊಳಗಿನ ಮಗುವಿಗೆ ಈ ಮದ್ದನ್ನು ಹಾಕುವಂತಿಲ್ಲವಾದ್ದರಿಂದ ಇಲ್ಲಿಯೂ ತಾಯಿಯ ಮೂಲಕವೇ ರಕ್ಷಣೆ. ಮಹಾರಾಷ್ಟ್ರ ಸರಕಾರ 2015ರಲ್ಲಿ ಗರ್ಭಿಣಿಯರಿಗೆ ಇದನ್ನು ಧರ್ಮಾರ್ಥವಾಗಿ ಕೊಡಲು ನಿರ್ಧರಿಸಿತ್ತು. ಹಣ ತೆರುವ ಮೊದಲು ಪಾಲಿಕೆಯ ಆಸ್ಪತ್ರೆಯಲ್ಲಿ ದಾಸ್ತಾನು ಉಂಟೇ ಎಂದು ವಿಚಾರಿಸಿದರೆ ನಷ್ಟವಿಲ್ಲ. ಗಂಡನೂ ಹಾಕಿಸಿಕೊಳ್ಳಬಹುದು. ಆಹಾರ ಮುಟ್ಟುವ ಕೆಲಸದವರು ವರ್ಷಕ್ಕೊಮ್ಮೆ ವೈದ್ಯರ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮ ಹೇಗೂ ಇದೆಯಲ್ಲ, ಅದೇ ದಿನ ಈ ಮಾತನ್ನೂ ಎತ್ತಬಹುದು.

ಈ ಮೂರೂ ಸತ್ತ ರೋಗಾಣುಗಳಿಂದಲೋ ಅವುಗಳ ತುಣುಕುಗಳಿಂದಲೋ ಮಾಡಿದವು. ಅವುಗಳಿಂದ ರೋಗ ಹುಟ್ಟಲಾರದು. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಜೀವವಿರುವ ರೋಗಾಣುವನ್ನು ಬಲಗುಂದಿಸಿ ಮಾಡಿದ ಮದ್ದುಗಳನ್ನು ಮಾತ್ರ ಗರ್ಭಿಣಿಗೆ ಕೊಡುವಂತಿಲ್ಲ. ದಡಾರ–ರುಬೆಲ್ಲಾ ಮದ್ದು ಮತ್ತು ಸೀತಾಳೆ ಸಿಡುಬಿನ ಮದ್ದು ಆ ಜಾತಿಯವು.

ರುಬೆಲ್ಲಾದ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕು. ಇದು ಮಕ್ಕಳಿಗೆ ಮೂರು ದಿನ ಬೊಕ್ಕೆ ಎಬ್ಬಿಸಿ ಹೋಗುವ ಕ್ಷುಲ್ಲಕ ಕಾಯಿಲೆ. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ತಗಲಿದರೆ, ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ. ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಇದನ್ನು ಮೊದಲು ಗುರುತಿಸಿದ. ನಮ್ಮಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ–ರುಬೆಲ್ಲಾ ಮದ್ದನ್ನು ಸಾಮೂಹಿಕವಾಗಿ ಹಾಕಿದ ಕಾರ್ಯ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದಲ್ಲಿ 2018ರ ನವೆಂಬರದಲ್ಲಿ ಆರಂಭವಾಯಿತು. ಹೀಗಿರಲು, ಕರ್ನಾಟಕದಲ್ಲಿ 2002ಕ್ಕೆ ಮೊದಲು ಹುಟ್ಟಿದ ಹೆಣ್ಣುಮಕ್ಕಳಿಗೆ ಆ ಸಂದರ್ಭದಲ್ಲಿ ಮದ್ದು ದೊರೆತಿಲ್ಲ. ಇಂದು ಐರೋಲಿಗೆ ಮದುಮಗಳಾಗಿ ಬರುವವರಲ್ಲಿ ಅನೇಕರು ಆ ವಯಸ್ಸಿನವರೇ. ಮದುವೆ ನಿಶ್ಚಯವಾದಾಗಲೇ ಇದನ್ನು ವಿಚಾರಿಸಿ ಹಾಕಿಸಿ, ಆ ಬಳಿಕ ಒಂದು ತಿಂಗಳಾದರೂ ಗರ್ಭ ನಿಲ್ಲದಂತೆ ನೋಡಿಕೊಳ್ಳತಕ್ಕದ್ದು. ಈಗಾಗಲೇ ಬಸುರಾಗಿದ್ದರೆ ಹೆರಿಗೆಯಾದ ಮೇಲೆ ಹಾಕಿಸಬಹುದು, ಮೊಲೆಯೂಡಿಸುವುದಕ್ಕೆ ಅಡ್ಡಿಯಿಲ್ಲ. ಗರ್ಭ ನಿಂತುದು ತಿಳಿಯದೆ ಹಾಕಿಸಿಕೊಂಡವರು ಗಾಬರಿಪಟ್ಟು ಗರ್ಭ ತೆಗೆಸುವ ಮಾತನ್ನೂ ಆಡಬೇಕಾಗಿಲ್ಲ, ವೈದ್ಯರಿಗೆ ತಿಳಿಸಿದರಾಯಿತು.

ಒಂದು ಎಚ್ಚರಿಕೆ. ‘ಬಸುರಿಗೆ ಚುಚ್ಚಬಾರದು’ ಎಂಬ ಮಾತನ್ನು ನಾಯಿ ಕಚ್ಚಿದಾಗ ಹಿಡಿದು ಕುಳಿತವರ ಗತಿ ಭಯಂಕರ. ಹುಚ್ಚುನಾಯಿಯ ರೋಗ ಬಂದ ಮೇಲೆ ಔಷಧವಿಲ್ಲ. ನಾಯಿ ಕಚ್ಚಿದ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಗರ್ಭಿಣಿಯಾದರೂ ಅದೇ ದಿನ ಚುಚ್ಚುಮದ್ದು ಆರಂಭಿಸಲೇಬೇಕು.

ಇಷ್ಟೆಲ್ಲವೂ ನಿಂತಿರುವುದು ಒಂದು ಕಾಗದದ ಮೇಲೆ. ಗರ್ಭಿಣಿಯ ಹೆಸರು ನೋಂದಾಯಿಸಿದಾಗ ಪಾಲಿಕೆಯವರು ಕೊಡುವ ತಾಯಿ–ಮಗುವಿನ ರಕ್ಷಣಾ ಕಾರ್ಡು ಮರಾಠಿಯಲ್ಲಿರುತ್ತದೆ. ಊರಿನಲ್ಲಿ ಅದೇ ‘ತಾಯಿ ಕಾರ್ಡು’ ಕನ್ನಡದಲ್ಲಿರುತ್ತದೆ. ಭಾಷೆ ಬೇರೆಯಾದರೂ ಮದ್ದಿನ ಹೆಸರು, ತಾರೀಖು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಯಾವ ದಾದಿಯೂ ಓದಬಲ್ಲಳು. ಖಾಸಗಿಯಾಗಿ ಹಾಕಿಸಿದುದನ್ನೂ ಅದರಲ್ಲೇ ಬರೆಯಿಸಬೇಕು. 2024ರಲ್ಲಿ ದೇಶಾದ್ಯಂತ ಜಾರಿಗೆ ಬಂದ ‘ಯು-ವಿನ್’ ಎಂಬ ಸರಕಾರಿ ದಾಖಲೆಯಲ್ಲಿ ಮೊಬೈಲ್ ಸಂಖ್ಯೆಯ ಮೇಲೆ ಈ ಲೆಕ್ಕವೆಲ್ಲ ದೊರೆಯುತ್ತದೆ. ಗಂಡನ ಸಂಖ್ಯೆಯನ್ನು ಕೊಟ್ಟಿದ್ದರೆ, ಆಕೆ ಊರಿನಲ್ಲಿರುವಾಗ ಕೇಂದ್ರದಿಂದ ಬರುವ ಅಂಕಿಯ ಸಂದೇಶ ಐರೋಲಿಯಲ್ಲಿ ಗಲ್ಲೆಯ ಮೇಲಿರುವ ಫೋನಿಗೆ ಬಂದೀತು! ಹೆಂಡತಿಯ ಸಂಖ್ಯೆಯನ್ನೇ ಕೊಡುವುದು ಯುಕ್ತ.

ಹೆರಿಗೆಯಾದ ದಿನವೇ ಮಗುವಿಗೆ ಕ್ಷಯದ ತಡೆ, ಪೋಲಿಯೊ ಹನಿ, ಕಾಮಾಲೆ ಬಿ ಮದ್ದು ಊರಿನ ಆಸ್ಪತ್ರೆಯಲ್ಲಿ ಆಗುತ್ತವೆ; ಕಾಮಾಲೆಯದು 24 ತಾಸುಗಳೊಳಗೆ ಆಗತಕ್ಕದ್ದು. ಆರನೆಯ ಮತ್ತು ಹತ್ತನೆಯ ವಾರದವು ಬಾಣಂತನದೊಳಗೆ ಮುಗಿಯುತ್ತವೆ. ಹದಿನಾಲ್ಕನೆಯ ವಾರದ್ದು ಬಹುಶಃ ತೊಟ್ಟಿಲ ಸಮೇತ ಐರೋಲಿಗೆ ಮರಳಿದ ಮೇಲೆ ಬರುತ್ತದೆ. ಆಗ ಊರಿನಿಂದ ತಂದ ಕನ್ನಡ ಕಾರ್ಡನ್ನೇ ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ತೋರಿಸಬಹುದು. ಹೊಸದಾಗಿ ಮೊದಲಿನಿಂದ ಆರಂಭಿಸಬೇಕಾದ ಕಾರಣವಿಲ್ಲ.