ಮಿಷಿನ್ ಕೂಗಿದರೆ ಕೊಪ್ಪರಿಗೆಯೇ?

ಬೆಳ್ಳಿ ರೂಪಾಯಿ ಓಡಾಡುತ್ತಿದ್ದ ಕಾಲದಲ್ಲಿ ಸಂತೆಯ ಸಾಹುಕಾರ ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ, ಕಿವಿಗೊಟ್ಟು ಕೇಳಿಯೇ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದ. ಠಣ್ ಎಂದರೆ ಅಸಲಿ, ಟಪ್ ಎಂದರೆ ಖೋಟಾ. ಆ ಪರೀಕ್ಷೆಯಲ್ಲಿ ಹುರುಳಿತ್ತು, ಏಕೆಂದರೆ ಅವನು ಕೇಳುತ್ತಿದ್ದುದು ಲೋಹದ ಸ್ವಂತ ದನಿ. ಈಗ ಅದೇ ನಂಬಿಕೆ ಮೆಟಲ್ ಡಿಟೆಕ್ಟರಿನ ಬೆನ್ನು ಹತ್ತಿದೆ. ಕೋಲಾರದ ಕಡೆ ಈ ಮಿಷಿನ್ನಿನ ಮಾತು ಬಂದರೆ ಮೊದಲು ಎದುರಾಗುವ ಪ್ರಶ್ನೆ: "ಚಿನ್ನಕ್ಕೆ ಯಾವ ಸೌಂಡು ಬರುತ್ತೆ?"

ಚಿನ್ನಕ್ಕೆಂದೇ ಒಂದು ಸೌಂಡು ಇಲ್ಲ. ಮಿಷಿನ್ನಿನ ಕೆಳಗಿರುವ ತಟ್ಟೆಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದು ನೆಲದೊಳಕ್ಕೆ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಬಿಡುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳ ಮರುಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಮರುಕ್ಷೇತ್ರ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಮಿಷಿನ್ ಒಂದು ಅಂಕಿ ತೋರಿಸಿ, ಆ ಅಂಕಿಗೆ ತಯಾರಕರು ಇಟ್ಟ ಸ್ವರವನ್ನು ನುಡಿಸುತ್ತದೆ. ಈ ತಡವನ್ನು ನಿರ್ಧರಿಸುವುದು ಲೋಹದ ಬೆಲೆಯಲ್ಲ. ಅದರ ವಿದ್ಯುತ್ ವಾಹಕತೆ, ಗಾತ್ರ, ದಪ್ಪ, ಆಕಾರ ಎಲ್ಲ ಸೇರಿ ನಿರ್ಧರಿಸುತ್ತವೆ. ಹೀಗಾಗಿ ತೆಳ್ಳನೆಯ ಚಿನ್ನದ ಉಂಗುರ, ಮಾತ್ರೆ ತೆಗೆದು ಎಸೆದ ಅಲ್ಯೂಮಿನಿಯಂ ಪಟ್ಟಿ, ತಂಪುಪಾನೀಯದ ಡಬ್ಬಿಯ ಕಿವಿ ಈ ಮೂರೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಕೂಗಬಹುದು. ದಪ್ಪ ಬೆಳ್ಳಿ, ತಾಮ್ರ ಮೇಲಿನ ಸ್ವರದಲ್ಲಿ ಬರುತ್ತವೆ, ನಿಜ. ಆದರೆ ಟಿಪ್ಪುವಿನ ಕಾಲದ ಆನೆ ಮುದ್ರೆಯ ತಾಮ್ರದ ಕಾಸಿಗೂ ಸುಟ್ಟುಹೋದ ಬೋರ್‌ವೆಲ್ ಮೋಟಾರಿನಿಂದ ಉದುರಿದ ತಾಮ್ರದ ತುಂಡಿಗೂ ಕಿವಿಯಿಂದ ವ್ಯತ್ಯಾಸ ಹೇಳಲಾಗದು. ಕಸವೆಂದು ಎಲ್ಲ ಮಧ್ಯದ ಸ್ವರಗಳನ್ನೂ ಬಿಟ್ಟುಬಿಡುವವನು ಮೊದಲು ಕಳೆದುಕೊಳ್ಳುವುದು ಚಿನ್ನವನ್ನೇ.

"ಬೇರೆ ಊರಿನ ಮಾತು ಬಿಡಿ, ನಮ್ಮದು ಚಿನ್ನದ ನಾಡು, ಮಣ್ಣಲ್ಲೇ ಚಿನ್ನ ಇದೆ" ಎಂಬುದು ಮುಂದಿನ ವಾದ. ಇದ್ದದ್ದು ನಿಜ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮಾರಿಕುಪ್ಪಂ, ಉರಿಗಾಂ ಕಡೆ ಬಂದಾಗ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದ್ದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿಗಳು ಬೆಳೆದವು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಆದರೆ ಅದು ಗಟ್ಟಿಗಟ್ಟಿಯಾಗಿ ಸಿಕ್ಕಿದ್ದಲ್ಲ. ಬೆಣಚುಕಲ್ಲಿನ ಎಳೆಗಳಲ್ಲಿ, ಬಹುಪಾಲು ಕಣ್ಣಿಗೆ ಕಾಣದ ಕಣಗಳಾಗಿ ಹುದುಗಿದ್ದ ಚಿನ್ನ ಅದು. ಆರಂಭದ ಒಳ್ಳೆಯ ದಿನಗಳಲ್ಲೇ ಒಂದು ಟನ್ ಅದಿರಿಗೆ 47 ಗ್ರಾಂ, ಕೊನೆಕೊನೆಗೆ 3 ಗ್ರಾಂ ಆಸುಪಾಸು. ಒಂದು ಟನ್ ಕಲ್ಲಿನಲ್ಲಿ ಹರಡಿಹೋದ 47 ಗ್ರಾಂ ಚಿನ್ನದ ಕಣಗಳ ಮೇಲೆ ಮಿಷಿನ್ನನ್ನು ದಿನವಿಡೀ ಆಡಿಸಿದರೂ ಅದು ಉಸಿರೆತ್ತುವುದಿಲ್ಲ. ವಿದ್ಯುತ್ ಸುಳಿ ಏಳಲು ಒಂದೇ ತುಂಡಾದ ಲೋಹ ಬೇಕು. ಕೆಜಿಎಫ್ ಸಿನಿಮಾದಲ್ಲಿ ಎಲ್ಲರೂ ನೋಡಿದ ಆ ಸೈನೈಡ್ ದಿಬ್ಬಗಳ ಕತೆಯೂ ಇಷ್ಟೇ. ಚಿನ್ನ ತೆಗೆದ ಮೇಲೆ ಉಳಿದ, 3 ಕೋಟಿ ಟನ್ ಮೀರಿದ ಆ ನುಣ್ಣನೆಯ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಂ ಚಿನ್ನವೂ ಇಲ್ಲ. ಮಿಷಿನ್ ಹಿಡಿದು ಅಲ್ಲಿಗೆ ಹೋದವರಿಗೆ ಸಿಗುವುದು ಧೂಳು ಮಾತ್ರ, ಅದೂ ಒಳ್ಳೆಯ ಧೂಳಲ್ಲ.

ಆಳದ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಕೆಳಗೆ ಇಳಿದಿತ್ತು. ಸಾಮಾನ್ಯ ಡಿಟೆಕ್ಟರ್ ಒಂದು ನಾಣ್ಯವನ್ನು ಗೇಣಿನಷ್ಟು ಆಳದಲ್ಲಿ ಹಿಡಿದರೆ ದೊಡ್ಡದು.

ಗಣಿಯೊಳಗೂ ಕಿವಿಗೆ ಕೆಲಸವಿತ್ತು. ಗಣಿ ಕಾರ್ಮಿಕರು ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆಯನ್ನು ತಟ್ಟಿ ಕೇಳುವುದುಂಟು: ಗಟ್ಟಿ ನಾದ ಬಂದರೆ ಬಂಡೆ ಭದ್ರ, ಟೊಳ್ಳು ಸದ್ದು ಬಂದರೆ ಸಡಿಲ, ಬೀಳಬಹುದು. ಆ ಸದ್ದು ಜೀವ ಉಳಿಸಲಿಕ್ಕೆ. ಚಿನ್ನ ಎಷ್ಟಿದೆ ಎಂದು ತಿಳಿಯಲು ಕಲ್ಲನ್ನು ಪುಡಿಮಾಡಿ, ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ ತೂಗುತ್ತಿದ್ದರು.

"ವಿಡಿಯೋದಲ್ಲಿ ನೋಡಿದೀನಿ, ಗಟ್ಟಿಯಾಗಿ ಎರಡು ಕಡೆಯಿಂದಲೂ ಒಂದೇ ತರಹ ಕೂಗಿದ್ರೆ ಅಗೀಬೇಕು." ಆ ವಿಡಿಯೋಗಳು ಬಹುತೇಕ ವಿದೇಶದ ಕಡಲ ತೀರದವು. ಒಣ ಮರಳಿನಲ್ಲಿ ಕೆಲಸ ಸಲೀಸು. ಅಲ್ಲೂ ಉಪ್ಪುನೀರಿನಲ್ಲಿ ನೆನೆದ ಮರಳು ತಾನೇ ವಿದ್ಯುತ್ ಹರಿಸಿ ಮಿಷಿನ್ನನ್ನು ಸುಮ್ಮಸುಮ್ಮನೆ ಕೂಗಿಸುತ್ತದೆ. ನಮ್ಮಲ್ಲಿ ಸಮುದ್ರವಿಲ್ಲ, ಬದಲಿಗೆ ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣು ಇದೆ. ಈ ಮಣ್ಣನ್ನು ಸುಟ್ಟರೆ ಅದರೊಳಗಿನ ಕಬ್ಬಿಣದ ಆಕ್ಸೈಡ್ ಇನ್ನಷ್ಟು ಕಾಂತಗುಣ ಪಡೆಯುತ್ತದೆ. ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳ ಸುತ್ತ ನೆಲಕ್ಕೆ ಸೇರಿಹೋದ ಚೂರುಗಳು ಹಾಗಾಗಿಯೇ ಮಿಷಿನ್ನನ್ನು ಕೆಣಕುತ್ತವೆ. ಲೋಹವೇ ಇಲ್ಲದೆ ಸದ್ದು! ಟೊಮೆಟೊ ಹೊಲಗಳಲ್ಲಿ ಗಿಡ ಕಟ್ಟಿದ ತಂತಿಯ ತುಂಡುಗಳು ಸಾಲುಸಾಲಾಗಿ ಹೂತಿರುತ್ತವೆ. ಹಳೆಯ ಹತ್ತು, ಇಪ್ಪತ್ತು ಪೈಸೆಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂನವು. ಸೊಗಸಾಗಿ ಕೂಗುತ್ತವೆ, ಬೆಲೆ ಎಲ್ಲರಿಗೂ ಗೊತ್ತು.

ಕಬ್ಬಿಣ ಬೇಡವೆಂದು ಮಿಷಿನ್ನಿಗೆ ಹೇಳಬಹುದಲ್ಲ? ಹೇಳಬಹುದು, ಅದು ಅರ್ಧ ಕೇಳುತ್ತದೆ. ಮೊಳೆಯಂಥದ್ದನ್ನು ಬಿಡುತ್ತದೆ. ಅಗಲವಾದ ತಗಡು, ವಾಷರ್, ಬಳೆಯಾಕಾರದ ಕಬ್ಬಿಣ ಎಷ್ಟೋ ಸಲ ಬೆಳ್ಳಿಯ ಸ್ವರದಲ್ಲೇ ಮೋಸ ಮಾಡುತ್ತವೆ. ಮೊಳೆಯ ಪಕ್ಕದಲ್ಲೇ ಉಂಗುರ ಬಿದ್ದಿದ್ದರೆ ಮೊಳೆಯ ಜೊತೆ ಉಂಗುರವೂ ಮೌನವಾಗಬಹುದು.

ಹತ್ತಾರು ಅಡಿ ಆಳದ ಚಿನ್ನವನ್ನು ದೂರದಿಂದಲೇ ತೋರಿಸುವ ಕಡ್ಡಿಗಳು, ಆ್ಯಂಟೆನಾ ಇಟ್ಟ 'ಗೋಲ್ಡ್ ಸ್ಕ್ಯಾನರ್'ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವು ಮೋಸ.

ಹಳೆಯ ಕತೆಗಳಲ್ಲಿ ನಿಧಿಯ ಕೊಪ್ಪರಿಗೆ ಗಲಗಲ ಸದ್ದು ಮಾಡುತ್ತ ಕೆರೆಯಿಂದ ಕೆರೆಗೆ ಹೋಗುತ್ತಿತ್ತು. ಕತೆಯಾಗಿ ಚೆಂದ. ಅದನ್ನು ನಂಬಿ ಗುಡಿಯ ಬುಡ ಅಗೆಯುವವರು ಮಾಡುವ ಹಾನಿಗೆ ಮಾತ್ರ ಪರಿಹಾರವಿಲ್ಲ. ಅದಕ್ಕೊಂದು ಉದಾಹರಣೆ: ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾದ ಶ್ರೀಪಾದರಾಜರ ಶಿಷ್ಯ ವ್ಯಾಸರಾಜರು. ಆನೆಗೊಂದಿ ಬಳಿಯ ನವಬೃಂದಾವನದಲ್ಲಿ ಆ ವ್ಯಾಸರಾಜರ ಬೃಂದಾವನವನ್ನು 2019ರ ಜುಲೈನಲ್ಲಿ ನಿಧಿಗಳ್ಳರು ಒಡೆದು ಕೆಡವಿದರು. ಕೋಲಾರದ ಸೋಮೇಶ್ವರ, ಕೋಲಾರಮ್ಮ, ಆವನಿಯ ರಾಮಲಿಂಗೇಶ್ವರ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಯಂತೆ ಅಂಥ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ.

"ನನ್ನ ಹೊಲದಲ್ಲಿ ಸಿಕ್ಕಿದ್ದು ನನ್ನದು" ಎಂಬುದೂ ಸರಿಯಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಲ್ಲೇ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕೆಂದಿತ್ತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಮುಚ್ಚಿಟ್ಟರೆ ಶಿಕ್ಷೆ.

ಹಾಗಾದರೆ ಮಿಷಿನ್ನಿನ ಕೂಗನ್ನು ಯಾವಾಗ ನಂಬಬಹುದು? ಹುಡುಕುತ್ತಿರುವುದು ಏನೆಂದು ಮೊದಲೇ ಗೊತ್ತಿದ್ದಾಗ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕಾಯಿ ಕೀಳುವಾಗ ಒಂದು ಕಿವಿಯ ಓಲೆ ಬಿತ್ತು ಅನ್ನಿ. ಇನ್ನೊಂದು ಕಿವಿಯದನ್ನು ಬಿಚ್ಚಿ ನೆಲದ ಮೇಲಿಟ್ಟು ತಟ್ಟೆಯನ್ನು ನಾಲ್ಕು ದಿಕ್ಕಿನಿಂದ ಆಡಿಸಬೇಕು. ಬಂದ ಅಂಕಿ, ಸ್ವರ ನೆನಪಿಟ್ಟುಕೊಳ್ಳಬೇಕು. ಆಮೇಲೆ ಆ ಮರದ ಕೆಳಗೆ ತಟ್ಟೆಯನ್ನು ನೆಲಕ್ಕೆ ಅಂಟಿದಂತೆ, ನಿಧಾನವಾಗಿ, ಒಂದರ ಮೇಲೊಂದು ಗೆರೆ ಬರುವಂತೆ ಆಡಿಸುತ್ತ ಅದೇ ಅಂಕಿಯ ಆಸುಪಾಸಿನ ಪ್ರತಿ ಕೂಗಿಗೂ ಬಗ್ಗಿ ಎಲೆ ಸರಿಸಿ ನೋಡಬೇಕು. ಮಾತ್ರೆ ಪಟ್ಟಿಯೇ ನಾಲ್ಕು ಸಲ ಕೈಗೆ ಬಂದರೂ ಐದನೆಯ ಕೂಗನ್ನು ಬಿಡುವಂತಿಲ್ಲ.