ಕಾಗದದ ಮೇಲೆ ಬೆಳೆದ ಆಟದ ತೋಟ

1936ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶವನ್ನು ಕನ್ನಡಕ್ಕೆ ಕೊಟ್ಟಾಗ ಅವರ ವಯಸ್ಸು ಮೂವತ್ತನಾಲ್ಕರ ಆಸುಪಾಸಿನಲ್ಲಿತ್ತು, ವಾಸ ಪುತ್ತೂರಿನಲ್ಲಿತ್ತು, ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟುಬಂದ ಆ ಮನುಷ್ಯನಿಗೆ ಬೆಂಬಲವಾಗಿ ವಿಶ್ವವಿದ್ಯಾಲಯವೊಂದಿರಲಿಲ್ಲ, ಪಂಡಿತಮಂಡಲಿಯೊಂದಿರಲಿಲ್ಲ. ಅನ್ಯದೇಶಗಳಲ್ಲಿ ಹಲವು ಮಂದಿ ವಿದ್ವಾಂಸರು ಕೂಡಿ ಮಾಡುವ ಕೆಲಸವನ್ನು ಒಬ್ಬನೇ ಕುಳಿತು ಮಾಡಿ ಮುಗಿಸಿದ ಆ ಸಾಹಸವನ್ನು ಕುರಿತು ನಮ್ಮ ಸಾಹಿತ್ಯಚರಿತ್ರಕಾರರು ಬರೆದಿದ್ದಾರೆ. ನನ್ನ ಮನಸ್ಸು ನಿಂತದ್ದು ಬೇರೊಂದು ಕಡೆಯಲ್ಲಿ. ಆಕಾಶ, ಭೂಮಿ, ಗಿಡಮರ, ಮೃಗಪಕ್ಷಿ, ಯಂತ್ರ, ನಾನಾ ದೇಶಗಳ ಜನಜೀವನ ಎಂದು ಮುಂದುವರಿಯುವ ಆ ಕಲ್ಪನೆಯನ್ನು ಪುಸ್ತಕವೆಂದು ಭಾವಿಸದೆ, ಮಗುವೊಂದು ಕೈಬೀಸಿಕೊಂಡು ಒಳಹೊಕ್ಕು ತನಗೆ ಬೇಕಾದತ್ತ ತಿರುಗಬಹುದಾದ ಒಂದು ವಿಹಾರಸ್ಥಳದ ನಕ್ಷೆಯೆಂದು ಭಾವಿಸಿದರೆ ಏನಾದೀತು? ಹಾಗೆ ಭಾವಿಸಿದವನಿಗೆ, ಆರು ದಶಕಗಳ ತರುವಾಯ ಮಂಗಳೂರಿನ ಬಳಿ ಅದೇ ಕಾರಂತರ ಹೆಸರಿನಲ್ಲಿ ಎದ್ದುನಿಂತ ಪಿಲಿಕುಳ ನಿಸರ್ಗಧಾಮವು ಅಪರಿಚಿತವಾಗಿ ತೋರಲಾರದು.

ಆಟದ ತಾಣಗಳ ಚರಿತ್ರೆಯಲ್ಲಿ ಹೀಗೆ ಕಲ್ಪನೆಯು ಮೊದಲು ಬಂದು ಕಟ್ಟಡವು ಆಮೇಲೆ ಏಳುವುದು ಮತ್ತೆ ಮತ್ತೆ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1955ರ ಜುಲೈ 17ರಂದು ಬಾಗಿಲು ತೆರೆದ ಡಿಸ್ನಿಲ್ಯಾಂಡಿನಲ್ಲಿ, ಹತ್ತು ವರ್ಷಗಳ ನಂತರ, ಟೋನಿ ಬ್ಯಾಕ್ಸ್‌ಟರ್ ಎಂಬ ಹದಿನೇಳರ ಹುಡುಗನೊಬ್ಬನು ಐಸ್‌ಕ್ರೀಂ ಬಡಿಸುವ ಕೆಲಸಕ್ಕೆ ಸೇರಿದನು. ಆ ಉದ್ಯಾನವನ್ನು ಚಿಕ್ಕಂದಿನಿಂದ ಪ್ರೀತಿಸಿದ್ದ ಆತನು, ಯಾರೂ ಕೇಳದಿದ್ದರೂ, ಇಲ್ಲಿ ಇಂಥದೊಂದು ಆಟವಿದ್ದರೆ ಹೇಗೆಂದು ತನ್ನಷ್ಟಕ್ಕೆ ತಾನೇ ಕಲ್ಪಿಸಿ, ಚಿತ್ರಿಸಿ, ಮಾದರಿಗಳನ್ನು ಮಾಡಿ ನೋಡುತ್ತಲಿದ್ದನು. 1970ರಲ್ಲಿ ಅದೇ ಸಂಸ್ಥೆಯ ವಿನ್ಯಾಸ ವಿಭಾಗವು ಅವನನ್ನು ಒಳಗೆ ಕರೆದುಕೊಂಡಿತು. 1979ರಲ್ಲಿ ಗಣಿಬೆಟ್ಟದೊಳಗೆ ಓಡುವ ರೈಲಿನ ಆಟವೂ 1989ರಲ್ಲಿ ನೀರಿನ ಕಡಿದಾದ ಇಳಿಜಾರಿನ ಆಟವೂ ಆತನ ಕಲ್ಪನೆಯಂತೆ ಕಟ್ಟಲ್ಪಟ್ಟವು. ಆಡುವವನ ಆಸೆಯು ಮೊದಲು, ಕಟ್ಟುವವನ ಉಕ್ಕು ಆಮೇಲೆ ಎಂಬ ಕ್ರಮವು ಅಲ್ಲಿ ಒಬ್ಬನ ಜೀವಿತದಲ್ಲಿಯೇ ಪೂರ್ಣವಾಯಿತು. ನಮ್ಮಲ್ಲಿ ಆ ಕ್ರಮಕ್ಕೆ ಎರಡು ಮೂರು ತಲೆಮಾರುಗಳು ಬೇಕಾದವು.

ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಿಕೆತೋಟಗಳ ಮಗ್ಗುಲಲ್ಲಿ ಬೆಳೆದವರಿಗೆ ಜಾರುವ ಆಟವನ್ನು ಯಾವ ಸಂಸ್ಥೆಯೂ ಕಲಿಸಿಕೊಡಬೇಕಾಗಿರಲಿಲ್ಲ. ಮರದಿಂದ ಕಳಚಿ ಬಿದ್ದ ಅಡಿಕೆಹಾಳೆಯ ಅಗಲವಾದ ಬುಡದಲ್ಲಿ ಒಬ್ಬನು ಕುಳಿತು ತುದಿಯ ಸೋಗೆಯನ್ನು ಮುಂದಿನಿಂದ ಇನ್ನೊಬ್ಬನು ಹಿಡಿದೆಳೆದರೆ ಅದೇ ತೇರು. ಗುಡ್ಡೆಯ ಒಣಹುಲ್ಲಿನ ಇಳಿಜಾರಿನ ನೆತ್ತಿಯಲ್ಲಿ ಅದನ್ನಿರಿಸಿ ಕಾಲಿನಿಂದ ನೂಕಿಕೊಂಡರೆ, ಎಳೆಯುವವನ ಅಗತ್ಯವೂ ಇಲ್ಲದೆ, ಕೆಳಗಿನ ಗದ್ದೆಯ ಹುಣಿಯವರೆಗೂ ಒಂದೇ ಉಸಿರಿನ ಪಯಣ. ಇಂದು ಜಲವಿಹಾರಗಳ ನೀಲಿ ಕೊಳವೆಗಳಲ್ಲಿ ಚಾಪೆಯ ಮೇಲೆ ಮಲಗಿ ಜಾರುವ ಮಕ್ಕಳ ಕೇಕೆಯನ್ನು ಕೇಳುವಾಗ, ಹಾಳೆಯ ಬದಲು ಪ್ಲಾಸ್ಟಿಕ್ಕು, ಹುಲ್ಲಿನ ಬದಲು ನೀರು ಬಂದಿರುವುದಷ್ಟೇ ವ್ಯತ್ಯಾಸವೆಂದು ನನಗೆ ತೋರುವುದುಂಟು. ಮಳೆಗಾಲ ಕಳೆದು ತೋಡಿನ ನೀರು ತಿಳಿಯಾದಾಗ ಬಾಳೆದಿಂಡುಗಳನ್ನು ಬಿದಿರಿನ ಕಡ್ಡಿಯಿಂದ ಪೋಣಿಸಿ ಮಾಡಿದ ತೆಪ್ಪವೂ, ಕಾಡಿನ ದಪ್ಪ ಬೀಳಿಗೆ ಜೋತು ಹಳ್ಳದ ಈ ದಡದಿಂದ ಆ ದಡಕ್ಕೆ ಹಾರುವ ಉಯ್ಯಾಲೆಯೂ ಹೀಗೆಯೇ. ಅವುಗಳನ್ನು ಕಂಡುಹಿಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಬರೆದಿಡುವಷ್ಟು ದೊಡ್ಡ ಕೆಲಸವೆಂದು ದೊಡ್ಡವರು ತಿಳಿಯಲಿಲ್ಲ.

ದೊಡ್ಡವರು ಕಟ್ಟಿಕೊಟ್ಟದ್ದೆಂದರೆ ಜಾತ್ರೆಯ ತೊಟ್ಟಿಲು. ಏಪ್ರಿಲ್ ತಿಂಗಳಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ದೇವರಮಾರು ಗದ್ದೆಯಲ್ಲಿ ಈಗ ನಿಲ್ಲುವುದು ವಿದ್ಯುತ್ತಿನಿಂದ ತಿರುಗುವ ದೀಪಾಲಂಕೃತವಾದ ಭಾರಿ ಚಕ್ರ. ಅದಕ್ಕಿಂತ ಹಿಂದೆ ನಮ್ಮ ಜಾತ್ರೆಗಳಲ್ಲಿದ್ದದ್ದು ಅಡ್ಡಹಲಗೆಗಳಿಗೆ ನಾಲ್ಕು ಮರದ ತೊಟ್ಟಿಲುಗಳನ್ನು ತೂಗಿಸಿ ಕೈಬಲದಿಂದಲೇ ತಿರುಗಿಸುವ ಚಕ್ರ. ತಿರುಗಿಸುವವನು ಕುಳಿತವರ ಮುಖವನ್ನು ನೋಡಿ ವೇಗವನ್ನು ನಿರ್ಧರಿಸುತ್ತಿದ್ದನು, ಹೆದರಿದ ಮಗುವನ್ನು ಕೆಳಗಿಳಿಸಿ ಮತ್ತೆ ಮುಂದುವರಿಸುತ್ತಿದ್ದನು. ಆ ಚಕ್ರದ ಕರ್ಕಶವಾದ ಕಿರುಗುಟ್ಟುವಿಕೆಯು ಹೋದದ್ದಕ್ಕೆ ನನಗೆ ಇಂದಿಗೂ ವ್ಯಥೆಯುಂಟು. ಈ ಬಗೆಯ ಚಕ್ರವು ಬಹು ಪುರಾತನವಾದದ್ದು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆಯು 1615ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ರಂಜಾನ್ ಉತ್ಸವದಲ್ಲಿ ಅಂಥದೊಂದರಲ್ಲಿ ತಾನೇ ಕುಳಿತು ಸಂತೋಷಪಟ್ಟದ್ದನ್ನು ಪತ್ರಮುಖೇನ ಬರೆದಿದ್ದಾನೆ. ಅದೇ ದೆಲ್ಲ ವಾಲೆಯು ಎಂಟು ವರ್ಷಗಳ ನಂತರ, 1623ರಲ್ಲಿ, ಇಕ್ಕೇರಿಯನ್ನು ಕಂಡು ಘಟ್ಟವಿಳಿದು ಮಂಗಳೂರಿಗೆ ಬಂದು ಉಳ್ಳಾಲದ ರಾಣಿಯನ್ನು ಭೇಟಿಯಾದವನು. ತೊಟ್ಟಿಲಿನಲ್ಲಿ ತಿರುಗಿದ ಮನುಷ್ಯನೊಬ್ಬನು ನಮ್ಮ ತುಳುನಾಡಿನ ಮಣ್ಣಿನ ಮೇಲೆ ನಡೆದಾಡಿದನೆಂಬ ಈ ಸಂಗತಿಯು ನನಗೆ ವಿಶೇಷವಾದ ಹರ್ಷವನ್ನು ಕೊಟ್ಟಿದೆ.

ಆ ಮರದ ಚಕ್ರವನ್ನು ಉಕ್ಕಿನದಾಗಿ ಮಾಡಿ, 1893ರ ಚಿಕಾಗೊ ಪ್ರದರ್ಶನದಲ್ಲಿ 264 ಅಡಿಗಳ ಎತ್ತರಕ್ಕೆ ನಿಲ್ಲಿಸಿದ ಜಾರ್ಜ್ ಫೆರಿಸ್ ಮೂಲತಃ ಸೇತುವೆಗಳ ಉಕ್ಕನ್ನು ಪರೀಕ್ಷಿಸುವ ಇಂಜಿನಿಯರು. ಸೇತುವೆಯೂ ಆಟವೂ ಹೀಗೆ ನೆರೆಹೊರೆಯವರಾಗಿರುವುದಕ್ಕೆ ಸುಳ್ಯದಲ್ಲಿಯೂ ಒಂದು ಸಾಕ್ಷ್ಯವಿದೆ. ಮಳೆಗಾಲದಲ್ಲಿ ಪಯಸ್ವಿನಿಯು ತುಂಬಿ ಹರಿದಾಗ ಆಚೆಯ ದಡದವರಿಗೆ ಪೇಟೆಯೇ ಇಲ್ಲದಂತಾಗುತ್ತಿದ್ದ ಅರಂಬೂರಿನಲ್ಲಿ, ಊರವರ ಬಯಕೆಗೆ ಒಲಿದು 1989ರಲ್ಲಿ ತೂಗುಸೇತುವೆಯನ್ನು ಕಟ್ಟಿದವರು ಸುಳ್ಯದ ಗಿರೀಶ್ ಭಾರದ್ವಾಜರು. ಯಂತ್ರಶಾಸ್ತ್ರವನ್ನು ಓದಿ ಕಬ್ಬಿಣದ ಕೆಲಸದ ಕಾರ್ಯಾಗಾರವನ್ನು ನಡೆಸುತ್ತಿದ್ದ ಅವರು ಆಮೇಲೆ ನೂರಕ್ಕೂ ಮಿಕ್ಕಿದ ತೂಗುಸೇತುವೆಗಳನ್ನು ಹಲವು ರಾಜ್ಯಗಳಲ್ಲಿ ಕಟ್ಟಿ, 2017ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅವು ಕಟ್ಟಲ್ಪಟ್ಟದ್ದು ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಹೋಗುವ ಜನರ ಅಗತ್ಯಕ್ಕಾಗಿ. ಆದರೂ ಶಾಲೆ ಬಿಟ್ಟ ಮಕ್ಕಳು ಅಂಥದೊಂದರ ನಡುವಿನಲ್ಲಿ ನಿಂತು ಕಾಲನ್ನು ಅದುಮಿ ಇಡೀ ಸೇತುವೆಯನ್ನು ತೂಗಾಡಿಸುವುದನ್ನು ಕಂಡವರಿಗೆ, ಯಾವುದು ಸಂಚಾರ, ಯಾವುದು ವಿಹಾರ ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಬೇಡಿಕೆಯು ಬಳಸುವವರಿಂದ ಬಂದು ಕೈಯು ಊರಿನದೇ ಆಗಿದ್ದಾಗ ಏನು ಸಾಧ್ಯವೆಂಬುದನ್ನು ಅರಂಬೂರು ತೋರಿಸಿತು.

ಈಗ ಕಾರಂತರು ಪುತ್ತೂರಿನಲ್ಲಿ ಬೆಳೆಸಿದ ಬಾಲವನಕ್ಕೆ ಬರೋಣ, ಏಕೆಂದರೆ ನನ್ನ ಕಥೆಯ ನಾಯಕನು ಅಲ್ಲಿದ್ದಾನೆ. ಕೋಟದಲ್ಲಿ 1902ರಲ್ಲಿ ಜನಿಸಿದ ಕಾರಂತರು ಪುತ್ತೂರಿನಲ್ಲಿ ನೆಲೆನಿಂತು ಸುಮಾರು ನಾಲ್ಕು ದಶಕಗಳನ್ನು ಅಲ್ಲಿ ಕಳೆದರು. ಸಹಕಾರ ಚಳವಳಿಯ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರ ಸ್ನೇಹ, ಅವರೊಡನೆ ಕೂಡಿ ನಡೆಸಿದ ದಸರಾ ನಾಡಹಬ್ಬ, ನೆಲ್ಲಿಕಟ್ಟೆಯ ಶಾಲೆಯಲ್ಲಿ ಮಕ್ಕಳಿಂದ ಆಡಿಸಿದ ನಾಟಕಗಳು, ಪರ್ಲಡ್ಕದಲ್ಲಿ ತಾವೇ ರೂಪಿಸಿ ಕಟ್ಟಿಸಿಕೊಂಡ ಮನೆ, ಅದರ ಸುತ್ತಲಿನ ಬಾಲವನ, ಪುತ್ತೂರಿನ ಹರ್ಷ ಮುದ್ರಣಾಲಯ, ಇವೆಲ್ಲವೂ ಬೇರೆ ಬೇರೆ ಉದ್ಯೋಗಗಳೆಂದು ಹೊರಗಿನವರಿಗೆ ಕಾಣಬಹುದು. ನನಗಾದರೋ ಅವೆಲ್ಲವುಗಳ ಅಡಿಯಲ್ಲಿ ಒಂದೇ ಹಟವು ಕಾಣುತ್ತದೆ: ಮಗುವು ಆಡುತ್ತ ಅರಿಯಬೇಕು, ಅರಿಯುತ್ತ ಆಡಬೇಕು, ಮತ್ತು ಆ ಆಟಕ್ಕೆ ಬೇಕಾದದ್ದನ್ನು ಹೊರಗಿನಿಂದ ತರಿಸದೆ ಇಲ್ಲಿಯೇ ಕೈಯಿಂದ ಮಾಡಬೇಕು. ‘ಓದುವ ಆಟ’ವೆಂದು ಪಾಠಪುಸ್ತಕಕ್ಕೆ ಹೆಸರಿಟ್ಟವರು ಅವರು. ‘ಢಂ ಢಂ ಢೋಲು’ ಎಂದು ಮಕ್ಕಳಿಗಾಗಿ ಬರೆದವರು ಅವರು. ಮೂವತ್ತರ ದಶಕದ ಆರಂಭದಲ್ಲಿಯೇ ಮೂಕಚಿತ್ರಗಳನ್ನು ತೆಗೆಯಲು ಹೊರಟವರೂ, ಗೀತನಾಟಕ ಮೂಕಾಭಿನಯಗಳನ್ನು ಪ್ರಯೋಗಿಸಿದವರೂ, ಪುಸ್ತಕಗಳಿಗೆ ಚಿತ್ರವನ್ನು ತಾವೇ ಬರೆದವರೂ, ಮುಪ್ಪಿನಲ್ಲಿಯೂ ಗೆಜ್ಜೆಕಟ್ಟಿ ಕುಣಿಯಲು ಹಿಂಜರಿಯದವರೂ ಅವರೇ. ಹುಡುಗರೊಡನೆ ಕುಣಿಯುವುದನ್ನು ಕಾದಂಬರಿಕಾರನ ಗೌರವಕ್ಕೆ ಕುಂದೆಂದು ಎಣಿಸದ ಮನಸ್ಸು ಅದು.

ಬಾಲವನದಲ್ಲಿ ಅವರು ನಡೆಸಿದ ಶಿಕ್ಷಣಪ್ರಯೋಗವು ಬಹುಕಾಲ ಬಾಳಲಿಲ್ಲ. ಅದನ್ನು ಸೋಲೆಂದು ಬರೆದುಬಿಡುವವರೊಡನೆ ನನಗೆ ಜಗಳವಿದೆ. ಅವರ ಕಾದಂಬರಿಗಳಾದ ‘ಚೋಮನ ದುಡಿ’ 1933ರಲ್ಲಿಯೂ ‘ಬೆಟ್ಟದ ಜೀವ’ 1943ರಲ್ಲಿಯೂ ಹೊರಬಂದುವು. ಎರಡನೆಯದರ ಗೋಪಾಲಯ್ಯನು ಸುಬ್ರಹ್ಮಣ್ಯದ ಸುತ್ತಲಿನ ದಟ್ಟ ಕಾಡಿನ ನಡುವೆ, ಇಂದಿನ ಕಡಬ ಸುಳ್ಯಗಳ ಸೀಮೆಯಲ್ಲಿ, ಯಾರೂ ತೋಟವಾದೀತೆಂದು ನಂಬದ ಗುಡ್ಡವನ್ನು ಕಡಿದು ತೋಟ ಮಾಡುವವನು. ಗೋಪಾಲಯ್ಯನನ್ನು ಸೃಷ್ಟಿಸಿದವನಿಗೆ, ತಾನು ನೆಟ್ಟದ್ದರ ಫಲವನ್ನು ತಾನೇ ಉಣ್ಣಬೇಕೆಂಬ ಆತುರವಿತ್ತೆಂದು ನಾನು ನಂಬಲಾರೆ. ಬಾಲವನದ ಪ್ರಯೋಗವನ್ನೂ ಅದೇ ಕಣ್ಣಿನಿಂದ ನೋಡಬೇಕು. ಎಪ್ಪತ್ತರ ದಶಕದಲ್ಲಿ ಅವರು ಸಾಲಿಗ್ರಾಮಕ್ಕೆ ತೆರಳಿದರು; 1977ರ ಸಾಲಿನ ಜ್ಞಾನಪೀಠವು ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಸಂದಿತು; 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಈ ನಡುವಣ ವರ್ಷಗಳ ಬಾಲವನದ ವೃತ್ತಾಂತವನ್ನು ನಾನು ದೀರ್ಘವಾಗಿ ಹೇಳಲಾರೆ. ಜನರಿಲ್ಲದ ಮನೆಗೆ ಮಳೆಯು ಏನು ಮಾಡುವುದೋ ಕರಾವಳಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆದರೆ ಕಲ್ಪನೆಯು ಬೇರೆ ನೆಲದಲ್ಲಿ ಚಿಗುರಿತು. ಮಂಗಳೂರಿನ ಹೊರವಲಯದ ಮೂಡುಶೆಡ್ಡೆಯಲ್ಲಿ ಮುನ್ನೂರೈವತ್ತು ಎಕರೆಗೂ ಮಿಕ್ಕಿದ ಭೂಮಿಯಲ್ಲಿ ರೂಪುಗೊಂಡ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದೊಳಗೆ ಅಡ್ಡಾಡುವಾಗ ‘ಬಾಲ ಪ್ರಪಂಚ’ದ ಹರಹು ಕಣ್ಣೆದುರು ಬರುತ್ತದೆ. ಪಶುಪಕ್ಷಿಗಳ ಲೋಕವು ಜೈವಿಕ ಉದ್ಯಾನವಾಗಿದೆ, ಗಿಡಮರಗಳದು ಪಶ್ಚಿಮಘಟ್ಟದ ಸಸ್ಯಗಳ ವನವಾಗಿದೆ, ಮನುಷ್ಯನ ಬದುಕಿನದು ಗುತ್ತಿನ ಮನೆಯೂ, ಕುಂಬಾರ ಕಮ್ಮಾರರು ಕೆಲಸಮಾಡುವ ಕುಶಲಕರ್ಮಿಗಳ ಗ್ರಾಮವೂ ಆಗಿದೆ, ಆಕಾಶವು ಸ್ವಾಮಿ ವಿವೇಕಾನಂದರ ಹೆಸರಿನ ತಾರಾಲಯವಾಗಿ 2018ರಲ್ಲಿ ತೆರೆದುಕೊಂಡಿದೆ, ಯಂತ್ರವು ವಿಜ್ಞಾನಕೇಂದ್ರವಾಗಿದೆ. ಕೊನೆಗೆ ಹಾಳೆಯ ಆಟವೂ ಬಿಟ್ಟುಹೋಗಲಿಲ್ಲ: ಮಾನಸ ಎಂಬ ಜಲವಿಹಾರದಲ್ಲಿ ಮಕ್ಕಳು ಜಾರುತ್ತಿದ್ದಾರೆ. ಕಟ್ಟಿದವರು ಪುಸ್ತಕವನ್ನು ಎದುರಿಗಿಟ್ಟುಕೊಂಡು ಕಟ್ಟಿದರೆಂದು ನಾನು ಹೇಳುತ್ತಿಲ್ಲ. ಒಂದು ಜಿಲ್ಲೆಯ ಜನರ ಮನಸ್ಸಿನೊಳಗೆ, ಮಕ್ಕಳ ವಿಹಾರವೆಂದರೆ ಮೃಗ, ನಕ್ಷತ್ರ, ಕಸುಬು, ನೀರು ಎಲ್ಲವೂ ಒಂದೇ ಆವರಣದೊಳಗಿರಬೇಕೆಂಬ ಭಾವನೆಯು ನೆಲೆಗೊಳ್ಳಲು ಯಾರು ಕಾರಣರೆಂದು ಕೇಳಿದರೆ, ನನಗೆ ಹೊಳೆಯುವ ಮೊದಲ ಹೆಸರು ಅವರದು. ಆ ಆವರಣದ ಹೆಬ್ಬಾಗಿಲಿಗೆ ಅವರ ಹೆಸರನ್ನಿಟ್ಟವರಿಗೂ ಅದು ಹೊಳೆದಿರಲೇಬೇಕು.

ಪುತ್ತೂರಿನ ಬಾಲವನದಲ್ಲಿಯೂ ಈಗ ಜೀವವಾಡುತ್ತಿದೆ. ಅಲ್ಲಿ ಈಜುಕೊಳವಿದೆ, ಬಯಲು ರಂಗಮಂದಿರವಿದೆ, ಕಾರಂತರ ಮನೆಯು ಸ್ಮಾರಕವಾಗಿ ಉಳಿದಿದೆ. ಈಜುಕೊಳದಲ್ಲಿ ಕೈಕಾಲು ಬಡಿಯುವ ಹುಡುಗ ಹುಡುಗಿಯರನ್ನು ನೋಡಿದಾಗ, ಗದ್ಯದಲ್ಲಿ ಎಷ್ಟು ಶ್ರದ್ಧಾಂಜಲಿಗಳನ್ನು ಬರೆದರೂ ಇದಕ್ಕೆ ಸಮನಾಗದೆಂದು ಅನ್ನಿಸುತ್ತದೆ. ನನ್ನನ್ನು ಬಾಧಿಸುವುದು ಬೇರೊಂದು ಸಂಗತಿ. ನಮ್ಮ ಶಾಲೆಗಳ ಮಕ್ಕಳು ಪ್ರವಾಸವೆಂದು ರಾತ್ರಿ ಬಸ್ಸು ಹತ್ತಿ ಶಿರಾಡಿಯೋ ಸಂಪಾಜೆಯೋ ಘಟ್ಟವನ್ನೇರಿ, ಬಿಡದಿಯ ವಂಡರ್‌ಲಾದಲ್ಲಿ ಹಗಲೆಲ್ಲ ಆಡಿ ಬರುತ್ತಾರೆ. ಬರಲಿ, ಆ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಹಿಂದಿರುಗಿದ ಮರುದಿನ ತರಗತಿಯಲ್ಲಿ ಅವರಿಗೆ ಬರೆಯಲು ಹೇಳುವುದು ಪ್ರವಾಸದ ಪ್ರಬಂಧವನ್ನು. ನೀನಾದರೆ ಎಂಥ ಆಟವನ್ನು ಕಟ್ಟಿಸುವೆ ಮಗೂ ಎಂದು ಕೇಳಿದ ಮೇಷ್ಟ್ರನ್ನು ನಾನು ಇನ್ನೂ ಕಾಣಬೇಕಾಗಿದೆ. ಅಡಿಕೆಹಾಳೆಯೂ ಈಗ ಕಾರ್ಖಾನೆಗೆ ಹೋಗಿ ಊಟದ ತಟ್ಟೆಯಾಗುತ್ತಿದೆ. ಗುಡ್ಡೆಗಳ ಮೇಲೆ ರಬ್ಬರ್ ಮರಗಳು ಸಾಲುನಿಂತಿವೆ. ಜಾರಲು ಇಳಿಜಾರೂ ಇಲ್ಲ, ಹಾಳೆಯೂ ಇಲ್ಲ. ಆಡುವವನೇ ಆಟವನ್ನು ಹುಟ್ಟಿಸುತ್ತಿದ್ದ ಕಾಲವು ಹೀಗೆ ನಮ್ಮ ಕಣ್ಣೆದುರಿನಲ್ಲಿಯೇ ಸವೆಯುತ್ತಿದೆ.

ಆದುದರಿಂದ ನನ್ನದೊಂದು ಬೇಡಿಕೆಯುಂಟು. ಕಾರಂತರ ಜನ್ಮದಿನವಾದ ಅಕ್ಟೋಬರ್ 10ರಂದು ಪ್ರತಿವರ್ಷ ಅವರ ಹೆಸರಿನಲ್ಲಿ ಭಾಷಣಗಳು ನಡೆಯುತ್ತವೆ, ಹಾರಗಳು ಬೀಳುತ್ತವೆ. ಅದರೊಡನೆ, ಪುತ್ತೂರು ಸುಳ್ಯ ಕಡಬ ತಾಲೂಕುಗಳ ಶಾಲೆಗಳ ಮಕ್ಕಳಿಂದ ಅವರವರು ಕಲ್ಪಿಸಿದ ಆಟದ ಚಿತ್ರಗಳನ್ನು ತರಿಸಿಕೊಂಡು, ಅವುಗಳಲ್ಲಿ ಒಂದನ್ನು, ಒಂದನ್ನಾದರೂ, ಬಾಲವನದ ನೆಲದಲ್ಲಿ ಕಟ್ಟಿಸಬೇಕು. ಚಂಪಾಷಷ್ಠಿಗೆ ಕುಕ್ಕೆಯ ಬ್ರಹ್ಮರಥವನ್ನು ಕಾಡಿನ ಬೆತ್ತದಿಂದ ಬಿಗಿಯುವ ಮಲೆಕುಡಿಯರ ಕೈಚಳಕವು ನಮ್ಮಲ್ಲಿದೆ. ಉಕ್ಕಿನ ಹಗ್ಗದ ಮೇಲೆ ಊರನ್ನೇ ದಾಟಿಸಿದ ವಿದ್ಯೆಯು ಸುಳ್ಯದಲ್ಲಿ ಬೆಳೆದಿದೆ. ಬಡಗಿಗಳೂ ಕಮ್ಮಾರರೂ ಇದ್ದಾರೆ. ಖರ್ಚು ದೊಡ್ಡದಾಗಬೇಕಾಗಿಲ್ಲ, ಬೆತ್ತದ ಉಯ್ಯಾಲೆಯೋ ಹಾಳೆಯಲ್ಲಿ ಜಾರುವ ಒಂದು ಹುಲ್ಲಿನ ದಿಬ್ಬವೋ ಸಾಕು. ಚಿತ್ರವನ್ನು ಬರೆದ ಮಗುವಿನ ಹೆಸರನ್ನು ಅದರ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿ, ಮೊದಲ ಸರದಿಯನ್ನು ಆ ಮಗುವಿಗೇ ಬಿಟ್ಟುಕೊಡಬೇಕು.